ಕೆಳಗಿನ ಪಟ್ಟಿಯ ಬೆಳೆಗಾರ

ನನ್ನ ದೊಡ್ಡವ್ವ ಪೀರಮ್ಮನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಪಾಮನಕಲ್ಲೂರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹೇಳುವವರಿಗೆ ಏನು ಗೊತ್ತು? ಮೂಗಿನ ತುದಿಯ ಸಿಟ್ಟು ಒಮ್ಮೆ ಸೀನಿದರೆ ಹಾರಿಹೋಗುತ್ತದೆ. ದೊಡ್ಡವ್ವನದು ಹೊಟ್ಟೆಯೊಳಗಿನ ಸಿಟ್ಟು, ವರ್ಷಗಟ್ಟಲೆ ಅಲ್ಲೇ ಕೂತದ್ದು. ಕಳೆದ ಮಾರ್ಚಿನಲ್ಲಿ ಅದು ಹೊರಗೆ ಬಂದ ದಿನ ನಾನು ಪಕ್ಕದಲ್ಲೇ ನಿಂತಿದ್ದೆ. ಅದಕ್ಕೆ ಕಾರಣವಾದವರಲ್ಲಿ ನಾನೂ ಒಬ್ಬಳು. ಇದನ್ನು ಮೊದಲೇ ಹೇಳಿಬಿಟ್ಟರೆ ಉಳಿದವರನ್ನು ಬೈಯಲು ನನಗೆ ಹಗುರಾಗುತ್ತದೆ.

ನಾನು ಸಂಘಮಿತ್ರಾ, ಲಿಂಗಸುಗೂರಿನ ಅಂಚೆ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಪೀರಮ್ಮ ನನ್ನ ಅವ್ವನ ಸ್ವಂತ ಅಕ್ಕ. ಅವಳನ್ನು ಗೊರೇಬಾಳದ ಯಂಕೋಬನಿಗೆ ಕೊಟ್ಟಿದ್ದರು. ದೊಡ್ಡಪ್ಪ ಅಲ್ಲಿ ಕಾಲುವೆಯ ನೀರಗಂಟಿ. ಯಾರ ಗದ್ದೆಗೆ ಯಾವ ಹೊತ್ತಿಗೆ ನೀರು ಬಿಡಬೇಕು, ಯಾವಾಗ ತೂಬು ಮುಚ್ಚಬೇಕು ಎಂದು ಇಪ್ಪತ್ತೈದು ವರ್ಷ ಸಲಿಕೆ ಹೆಗಲ ಮೇಲಿಟ್ಟುಕೊಂಡು ಕಾಲುವೆ ದಂಡೆ ತಿರುಗಿದ ಮನುಷ್ಯ. ಒಳ್ಳೆಯವನು. ಇದನ್ನೂ ಈಗಲೇ ಹೇಳುತ್ತೇನೆ, ಮುಂದೆ ಹೇಳಲು ನನಗೆ ಮನಸ್ಸಾಗುವುದಿಲ್ಲ. ಬಾಡಿದ ಪೈರು ಕಂಡರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಗಿಡಕ್ಕೆ ನೀರು ಬಿಡುವುದು ಪುಣ್ಯದ ಕೆಲಸ ಎಂಬುದು ಕಾಲುವೆ ಸೀಮೆಯವರ ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿದೆಯೆಂದರೆ, ನೀರು ಹಿಡಿದಿಟ್ಟು ಬೆಳೆಯುವ ಬೆಳೆಯೂ ಇದೆ ಎಂದರೆ ಅವರು ಹೇಳಿದವರ ಮುಖ ನೋಡುತ್ತಾರೆ.

ಆ ಗಂಡನ ಹೆಸರನ್ನು ದೊಡ್ಡವ್ವ ಬಾಯಿ ಬಿಟ್ಟು ಹೇಳಿದ್ದು ಒಂದೇ ಸಲ. ಮದುವೆಯ ದಿನ ಹೆಂಗಸರು ಬಾಗಿಲಿಗೆ ಅಡ್ಡ ನಿಂತು, ಒಡಪು ಹಚ್ಚಿ ಗಂಡನ ಹೆಸರು ಹೇಳುವವರೆಗೂ ಒಳಗೆ ಬಿಡುವುದಿಲ್ಲ ಎಂದು ಹಟ ಹಿಡಿದಿದ್ದರಂತೆ. ನಾಲ್ಕು ಸಾಲಿನ ಒಡಪಿನ ನಡುವೆ ಹೆಸರನ್ನು ಅಡಗಿಸಿ ಹೇಳಿ ಒಳಗೆ ಓಡಿದಳಂತೆ. ಆಮೇಲೆ ಮೂವತ್ತೊಂದು ವರ್ಷ ಆ ಹೆಸರು ಅವಳ ನಾಲಿಗೆಗೆ ಬರಲಿಲ್ಲ. ನಮ್ಮ ಕಡೆ ಆಕೆಯ ವಯಸ್ಸಿನ ಹೆಂಗಸರು ಯಾರೂ ಗಂಡನ ಹೆಸರು ಹಿಡಿಯುವುದಿಲ್ಲ. ಮನೆಯಲ್ಲಿ ಅವನನ್ನು "ನೀರಗಂಟಿ" ಎಂದೇ ಕರೆಯುತ್ತಿದ್ದಳು. ದವಾಖಾನೆಯ ಚೀಟಿ ಬರೆಸುವಾಗ, ರೇಷನ್ ಅಂಗಡಿಯಲ್ಲಿ, ಯಾರಾದರೂ ಗಂಡನ ಹೆಸರು ಕೇಳಿದರೆ ನನ್ನ ಕಡೆ ತಿರುಗಿ ನೋಡುತ್ತಿದ್ದಳು. ಹೇಳುವುದು ನನ್ನ ಕೆಲಸ.

ದೊಡ್ಡವ್ವನಿಗೆ ದ್ರಾಕ್ಷಿಯ ವಿದ್ಯೆ ಬಂದದ್ದು ವಿಜಯಪುರದ ಕಡೆಯಿಂದ. ಮದುವೆಯಾದ ಎರಡನೇ ವರ್ಷದಿಂದ ಹೆಂಗಸರ ಗ್ಯಾಂಗಿನ ಜೊತೆ ಅಲ್ಲಿಗೆ ಚಾಟ್ನಿಗೆ ಹೋಗುತ್ತಿದ್ದಳು. ಬಳ್ಳಿಯ ಹಳೆ ಕಡ್ಡಿ ಕತ್ತರಿಸುವುದಕ್ಕೆ ಚಾಟ್ನಿ ಎನ್ನುತ್ತಾರೆ. ಏಪ್ರಿಲಿನಲ್ಲಿ ಒಮ್ಮೆ ಕಡ್ಡಿ ಬೆಳೆಸಲು, ಅಕ್ಟೋಬರಿನಲ್ಲಿ ಒಮ್ಮೆ ಹಣ್ಣು ಹಿಡಿಸಲು. ಕಡ್ಡಿಯ ಮೇಲೆ ಚಿಗುರೊಡೆಯುವ ಎಷ್ಟು ಕಣ್ಣು ಬಿಡಬೇಕು, ಯಾವ ಕಣ್ಣು ಗೊನೆ ಕೊಡುತ್ತದೆ, ಯಾವುದು ಬರೀ ಎಲೆ ಕೊಟ್ಟು ಮೋಸ ಮಾಡುತ್ತದೆ ಎಂಬುದನ್ನು ಹದಿನಾಲ್ಕು ವರ್ಷ ಬೇರೆಯವರ ತೋಟದಲ್ಲಿ ಕತ್ತರಿ ಹಿಡಿದು ಕಲಿತಳು. ಅಜ್ಜಿ ಸತ್ತ ಮೇಲೆ ಪಾಮನಕಲ್ಲೂರಿನ ಎರಡು ಎಕರೆ ಕಲ್ಲು ತುಂಬಿದ ಕೆಂಪು ಹೊಲ ಅವಳ ಹೆಸರಿಗೆ ಬಂತು. ಗಂಡನನ್ನು ಕಾಲುವೆಯಿಂದ ಬಿಡಿಸಿಕೊಂಡು ಬಂದು ಅಲ್ಲಿ ಬಳ್ಳಿ ಹಚ್ಚಿದಳು. ತಿನ್ನುವ ದ್ರಾಕ್ಷಿಯಲ್ಲ, ಒಣದ್ರಾಕ್ಷಿಯದೂ ಅಲ್ಲ. ಲಿಂಗಸುಗೂರಿನಾಚೆ ಹೊಸದಾಗಿ ಬಂದಿದ್ದ ಒಂದು ವೈನ್ ಕಂಪನಿಗೆ ಬೇಕಾದ, ಸಣ್ಣ ಹಣ್ಣಿನ ಕಪ್ಪು ದ್ರಾಕ್ಷಿ.

ಊರು ಸುಮ್ಮನಿರುತ್ತದೆಯೇ? "ಶೆರೆ ಪೀರವ್ವ" ಎಂದು, ಹೆಂಡದವಳು ಎಂಬ ಅರ್ಥದಲ್ಲಿ, ಹೆಸರಿಟ್ಟಿತು. ಆ ವೈನು ಹೇಗಿರುತ್ತದೆಂದು ಅವಳು ಈವರೆಗೆ ಒಂದು ಹನಿ ನಾಲಿಗೆಗೆ ಹಚ್ಚಿ ನೋಡಿಲ್ಲ, ಹೆಸರಿಟ್ಟವರಲ್ಲಿ ಅರ್ಧ ಜನ ಸಂಜೆಯಾದರೆ ನೆಟ್ಟಗೆ ನಡೆಯುವುದಿಲ್ಲ.

ಅವಳಿಗೆ ಇದ್ದ ಆಸೆ ಒಂದೇ. ಕಂಪನಿಯಲ್ಲಿ ಎಲ್ಲರ ಹಣ್ಣನ್ನೂ ಒಂದು ದೊಡ್ಡ ಉಕ್ಕಿನ ತೊಟ್ಟಿಗೆ ಸುರಿದು ಹಿಂಡುತ್ತಿದ್ದರು. ಆದರೆ ಗೋಡೆಯ ಬದಿಗೆ ನಾಲ್ಕು ಸಣ್ಣ ತೊಟ್ಟಿಗಳೂ ಇದ್ದವು. ಸಕ್ಕರೆ, ಬಣ್ಣ, ಬೀಜ ಎಲ್ಲ ಸರಿಯಾಗಿ ಮಾಗಿ ಬಂದ ಹಣ್ಣನ್ನು ಯಾರದ್ದರ ಜೊತೆಗೂ ಕಲಸದೆ ಅದರಲ್ಲಿ ಹಾಕಿ, ಬೆಳೆದವರ ಹೆಸರನ್ನು ಸೀಮೆಸುಣ್ಣದಲ್ಲಿ ಹಲಗೆಯ ಮೇಲೆ ಬರೆದು ತೂಗುಹಾಕುತ್ತಿದ್ದರು. ಮೂರು ವರ್ಷ ದೊಡ್ಡವ್ವನ ಹಣ್ಣು ರಸ್ತೆ ಬದಿಯ ದೊಡ್ಡಬಸಪ್ಪನ ಆರು ಎಕರೆಯ ಹಣ್ಣಿನ ಜೊತೆ ದೊಡ್ಡ ತೊಟ್ಟಿಗೇ ಬಿತ್ತು. ದೊಡ್ಡಬಸಪ್ಪ ತೂಕ ಬರಲೆಂದು ಕೊಯ್ಲಿನ ಮುಂಚೆ ನೀರು ಕುಡಿಸುವ ಗಿರಾಕಿ. "ನನ್ನ ಹಣ್ಣು ಆ ನೀರಿನ ಚೀಲಗಳ ಕೂಡ ಕಲಸಬಾರದು" ಎಂದು ಅವಳು ಮೂರು ವರ್ಷ ಹೊಯ್ಕೊಂಡಳು. ಬೇರೆ ತೊಟ್ಟಿ, ತನ್ನ ಹೆಸರು. ಅಷ್ಟೇ ಅವಳಿಗೆ ಬೇಕಾದದ್ದು.

ಇನ್ನು ನನ್ನ ಪಾಲಿನದು. ಮೊದಲ ವರ್ಷ ಕಂಪನಿಯ ಅರ್ಜಿ ತುಂಬಿದವಳು ನಾನು. ಮೊದಲ ಅಂಕಣವೇ "ಬೆಳೆಗಾರನ ಹೆಸರು (ಕುಟುಂಬದ ಯಜಮಾನ)". ನಾನು ಒಂದು ಗಳಿಗೆಯೂ ಯೋಚಿಸದೆ ಯಂಕೋಬ ಎಂದು ಬರೆದೆ. ಫೋನ್ ನಂಬರೂ ದೊಡ್ಡಪ್ಪನದೇ, ದೊಡ್ಡವ್ವನ ಫೋನು ಯಾವಾಗಲೂ ಗೂಡಿನಲ್ಲಿ ಸತ್ತು ಬಿದ್ದಿರುತ್ತದೆ ಎಂಬ ನೆಪ. ಹಣ್ಣು ಕೊಟ್ಟ ಮೊದಲ ಚೀಟಿ ಬಂದಾಗ ಅವಳು ಅದನ್ನು ನನ್ನ ಮುಂದೆ ಹಿಡಿದು ಕೇಳಿದಳು.

"ಇದರಾಗ ಯಾರ ಹೆಸರ ಐತಿ?"

"ದೊಡ್ಡಪ್ಪಂದು. ಎಲ್ಲಾ ಒಂದ ಅಲ್ಲೇನ ದೊಡ್ಡವ್ವ?"

ಅವಳು ಚೀಟಿಯನ್ನು ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡಳು. ಓದು ಬರಹ ಕಲಿತ ಹುಡುಗಿ, ಹೆಣ್ಣುಮಕ್ಕಳ ಹಕ್ಕಿನ ಬಗ್ಗೆ ಕಾಲೇಜಿನಲ್ಲಿ ಭಾಷಣ ಮಾಡಿ ಬಹುಮಾನ ತಂದವಳು, ನಾನು ಹೇಳಿದ ಮಾತು ಅದು. ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ಕಳೆದ ಹಂಗಾಮು ಶುರುವಾದದ್ದೇ ಜಗಳದಿಂದ. ಅಕ್ಟೋಬರಿನ ಮೊದಲ ವಾರ, ದಸರೆಗೆ ಮುಂಚೆ, ಸುತ್ತಲಿನವರೆಲ್ಲ ಚಾಟ್ನಿ ಮುಗಿಸಿದರು. ದೊಡ್ಡವ್ವ ಕತ್ತರಿ ಮುಟ್ಟಲಿಲ್ಲ. ಬೆಳಿಗ್ಗೆ ಎದ್ದು ಹೊಲದ ಬದುವಿನ ಮೇಲೆ ನಿಂತು ಮೂಡಣ ದಿಕ್ಕಿಗೆ ಮುಖ ಮಾಡುವುದು, ಮಣ್ಣು ಹಿಡಿದು ಹಿಚುಕುವುದು, ವಾಪಸು ಬರುವುದು. ಗಾಳಿ ಇನ್ನೂ ಹಸಿಯಾಗಿತ್ತು. ಚಾಟ್ನಿ ಮಾಡಿದ ಹತ್ತು ಹನ್ನೆರಡು ದಿನಕ್ಕೆ ಎಳೆ ಚಿಗುರು ಹೊರಬರುತ್ತದೆ, ಆ ಚಿಗುರಿನ ಮೇಲೆ ಮಳೆ ಬಿದ್ದರೆ ದಾವಣಿ ರೋಗ ಹಿಡಿದು ಗೊನೆ ಹುಟ್ಟುವ ಮೊದಲೇ ಸಾಯುತ್ತದೆ. ದೊಡ್ಡಬಸಪ್ಪ ರಸ್ತೆಯಿಂದಲೇ ಗಾಡಿ ನಿಲ್ಲಿಸಿ ಕೂಗಿದ.

"ಏನಬೇ ಪೀರವ್ವ, ಮುಹೂರ್ತ ನೋಡಾಕತ್ತಿ ಏನು?"

"ಹೌದ್ರೀ ಗೌಡ್ರ. ನಿಮ್ಮ ತ್ವಾಟದ ತಿಥಿ ಮುಗೀಲಿ ಅಂತ ಕುಂತೀನಿ."

ಆ ಮಾತು ಕೆಟ್ಟದ್ದು, ಆಡಬಾರದಿತ್ತು. ಆದರೆ ಅಕ್ಟೋಬರ್ ಹದಿನೆಂಟಕ್ಕೆ ಸಮುದ್ರದ ಕಡೆಯಿಂದ ಮೋಡ ಬಂದು ಮೂರು ದಿನ ಬಿಡದೆ ಸುರಿಯಿತು. ದೊಡ್ಡಬಸಪ್ಪನ ತೋಟದಲ್ಲಿ ಬೆರಳುದ್ದ ಚಿಗುರಿಗೆ ಎಣ್ಣೆ ಚೆಲ್ಲಿದಂಥ ಕಲೆ ಬಿತ್ತು, ಅರ್ಧ ಗೊನೆ ಉದುರಿತು. ದೊಡ್ಡವ್ವನ ಬಳ್ಳಿ ಕಣ್ಣು ಮುಚ್ಚಿಕೊಂಡು ಮಳೆ ಕಳೆಯಿತು. ಇಪ್ಪತ್ತೆರಡಕ್ಕೆ ಮುಗಿಲು ಬಿಳಿದಾಯಿತು, ಅಂದೇ ಅವಳು ಕತ್ತರಿ ಹಿಡಿದಳು. ಊರಿನವರಿಗಿಂತ ಹದಿನೇಳು ದಿನ ತಡ. ಈ ಹದಿನೇಳನ್ನು ನೆನಪಿಡಿ, ಕಂಪನಿಯವರು ನೆನಪಿಡಲಿಲ್ಲ.

ಡಿಸೆಂಬರಿನಲ್ಲಿ ಮಂಜು. ಹತ್ತು ದಿನ ಸೂರ್ಯ ಊಟದ ಹೊತ್ತಿಗೆ ಬಂದು ಮುಖ ತೋರಿಸಿ ಹೋಗುತ್ತಿದ್ದ. ಗೊನೆಗೆ ಬಿಸಿಲು ಗಾಳಿ ಸಿಗದಿದ್ದರೆ ಬೂದಿ ರೋಗ. ಬೆಳಗಾಗುತ್ತಲೇ ಅವಳು ಗೊನೆಯ ಸುತ್ತಲಿನ ಎಲೆಗಳನ್ನು ಒಂದೊಂದಾಗಿ ಹರಿದು ಗಾಳಿಗೆ ದಾರಿ ಮಾಡಿದಳು, ಗಂಧಕ ಹೊಡೆದಳು. ಎರಡು ಎಕರೆಯ ಬಳ್ಳಿಯನ್ನೆಲ್ಲ ಕೈಯಿಂದ ಮುಟ್ಟಿದಳು. ದೊಡ್ಡಪ್ಪನೂ ಜೊತೆಗಿದ್ದ, ಅವಳು ಹೇಳಿದಷ್ಟು ಮಾಡುತ್ತಿದ್ದ. ಸಂಕ್ರಾಂತಿಯ ಹೊತ್ತಿಗೆ ಚಳಿ ಬಿದ್ದು ಹಣ್ಣು ಹಸಿರಿನಿಂದ ಕೆಂಪಿಗೆ, ಕೆಂಪಿನಿಂದ ಕಪ್ಪಿಗೆ ತಿರುಗಿತು. ಇಂಥ ಬಣ್ಣ ವಿಜಯಪುರದ ಕಡೆಯೂ ಕಂಡಿಲ್ಲ ಎಂದಳು. ಅವಳು ಹೊಗಳುವುದು ಅಪರೂಪ, ಅದೂ ಬಳ್ಳಿಯನ್ನು ಮಾತ್ರ.

ಫೆಬ್ರವರಿಯಲ್ಲಿ ಬಿಸಿಲು ಒಮ್ಮೆಲೇ ಏರಿತು. ಆಗ ಬಂದ ಕಂಪನಿಯ ಸುನೀಲ. ಬೈಕಿನ ಮೇಲೆ ಊರೂರು ತಿರುಗಿ ಹಣ್ಣು ನೋಡುವುದು ಅವನ ಕೆಲಸ. ಕೊರಳಿಗೆ ಸಕ್ಕರೆ ನೋಡುವ ಸಣ್ಣ ದುರ್ಬೀನು. ಬದುವಿನ ಕಡೆಯ ಸಾಲಿನಿಂದ ಒಂದು ಹಣ್ಣು ಕಿತ್ತು, ಅದರ ಮೇಲೆ ಹಿಂಡಿ, ಬಿಸಿಲಿಗೆ ಹಿಡಿದು ನೋಡಿದ.

"ಸಕ್ಕರಿ ಇಪ್ಪತ್ತೆರಡೂವರಿ ಬಂದೈತ್ರಿ ಅಕ್ಕಾರ. ಇಪ್ಪತ್ತಾರನೇ ತಾರೀಖಿಗೆ ಕೊಯ್ದುಬಿಡ್ರಿ. ಎಲ್ಲಾರಿಗೂ ಅದ ತಾರೀಖು."

ದೊಡ್ಡವ್ವ ಒಳಗಿನ ಸಾಲಿನಿಂದ ಒಂದು ಹಣ್ಣು ಬಾಯಿಗೆ ಹಾಕಿಕೊಂಡಳು. ಅಗಿದು, ಬೀಜವನ್ನು ಅಂಗೈಗೆ ಉಗುಳಿ ಅವನ ಮೂಗಿನ ಹತ್ತಿರ ಹಿಡಿದಳು. ಬೀಜ ಇನ್ನೂ ಹಸಿರು. ಮಾಗಿದ ಬೀಜ ಕಂದಾಗಿರುತ್ತದೆ, ಹಲ್ಲಿಗೆ ಸಿಕ್ಕರೆ ಹುರಿದ ಕಡಲೆಯಂತೆ ಕಟ್ಟೆನ್ನುತ್ತದೆ.

"ಸಕ್ಕರಿ ಬಿಸಿಲಿಗೆ ಓಡಿ ಬಂದೈತಿ ತಮ್ಮ. ಬೀಜ ಇನ್ನ ದಾರ್ಯಾಗ ಐತಿ. ನಿಮ್ಮ ಇಪ್ಪತ್ತಾರು ದಸರಾಕ ಚಾಟ್ನಿ ಮಾಡಿದವರ ಇಪ್ಪತ್ತಾರು. ನಂದು ಹದಿನೇಳ ದಿನ ತಡ. ಆ ದಿನ ನನಗ ಕೊಡು."

"ಅಷ್ಟರಾಗ ಮಳಿ ಬಂದ್ರ?"

"ಬಂದ್ರ ನನ್ನ ಹೊಟ್ಟಿ ಮ್ಯಾಲ ಬರತೈತಿ. ನಿನ್ನ ಮ್ಯಾಲಲ್ಲ."

ಸುನೀಲ ತಲೆ ಕೆರೆದುಕೊಂಡ. ಕೆಟ್ಟವನಲ್ಲ, ಲಾರಿಯ ತಾರೀಖಿಗೆ ಕಟ್ಟಿಹಾಕಿದ ಮನುಷ್ಯ. ಕೊನೆಗೆ ಮಾರ್ಚ್ ಹತ್ತಕ್ಕೆ ಒಪ್ಪಿದ. ಬೀಜ ಕಂದಾಗಿ ಸಕ್ಕರೆಯೂ ಉಳಿದರೆ ಸಣ್ಣ ತೊಟ್ಟಿ ಖಾಲಿ ಇಡಿಸುತ್ತೇನೆ ಎಂದೂ ಹೇಳಿದ. ದೊಡ್ಡವ್ವನ ಮುಖ ಅರಳಿತು. ಅವನು ಚೀಲದಿಂದ ಒಂದು ಕಾಗದ ತೆಗೆದ. ತಡವಾಗಿ ಕೊಯ್ದು ನಷ್ಟವಾದರೆ ಬೆಳೆಗಾರನೇ ಹೊಣೆ ಎಂದು ಅದರಲ್ಲಿತ್ತು. ಅವಳು ಪೆನ್ನಿಗೆ ಕೈ ಚಾಚಿದಳು.

"ನಿಮ್ದಲ್ರಿ ಅಕ್ಕಾರ. ಬೆಳೆಗಾರರ ಸಹಿ ಬೇಕು. ಯಂಕೋಬಣ್ಣಾರ ಎಲ್ಲಿ ಅದಾರ?"

ದೊಡ್ಡಪ್ಪ ಎತ್ತಿಗೆ ಮೇವು ಹಾಕುತ್ತಿದ್ದವನು ಕೈ ಒರೆಸಿಕೊಂಡು ಬಂದ. ಎಲ್ಲಿ ಸಹಿ ಮಾಡಬೇಕೆಂದು ಕೇಳಿ, ಮಾಡಿ, ವಾಪಸು ಹೋದ. ಅದರಲ್ಲಿ ಏನು ಬರೆದಿದೆಯೆಂದೂ ಕೇಳಲಿಲ್ಲ. ಅವಳು ಚಾಚಿದ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಈ ಮಾತನ್ನು ನನಗೆ ಸುನೀಲನೇ ಆಮೇಲೆ ಹೇಳಿದ, ಏನೋ ತಮಾಷೆ ಎಂಬಂತೆ.

ಅಂದಿನಿಂದ ಅವಳು ನೀರು ಪೂರ್ತಿ ನಿಲ್ಲಿಸಿದಳು. ತೋಟ ಎರಡು ಪಟ್ಟಿ. ಮೇಲೆ ಒಂದು ಎಕರೆ, ಕೆಳಗೆ ಒಂದು. ಎರಡಕ್ಕೂ ಬೋರಿನ ಹತ್ತಿರ ಬೇರೆ ಬೇರೆ ವಾಲ್ವು. ಕೊನೆಯ ದಿನಗಳಲ್ಲಿ ಬಳ್ಳಿ ಬಾಯಾರಬೇಕು, ಆಗಲೇ ಇದ್ದ ರಸ ಗಟ್ಟಿಯಾಗಿ ಬೀಜದವರೆಗೆ ಮಾಗುತ್ತದೆ. ಎಲೆ ಸ್ವಲ್ಪ ಹಳದಿಯಾದರೂ ಹೆದರಬಾರದು. ಇದನ್ನು ಅವಳು ಗಂಡನಿಗೆ ಹತ್ತು ಸಲ ಹೇಳಿದ್ದಳು. ಅವನು ಹತ್ತು ಸಲವೂ ಹೂಂ ಎಂದಿದ್ದ. ದಿನವೂ ಮುಗಿಲು ನೋಡುವುದೇ ಅವಳ ಕೆಲಸವಾಯಿತು. ಒಂದು ತುಣುಕು ಮೋಡ ಕಂಡರೂ ಬೈಯುತ್ತಿದ್ದಳು. ಮಳೆ ಬರಲಿಲ್ಲ. ಮುಗಿಲು ಅವಳ ಮಾತು ಕೇಳಿತು, ಅದಕ್ಕೆ ಅಷ್ಟು ಮರ್ಯಾದೆ ಇತ್ತು.

ಮಾರ್ಚ್ ಮೂರಕ್ಕೆ ಸಿಂಧನೂರಿನಲ್ಲಿ ನನ್ನ ಅವ್ವನ ಕಣ್ಣಿನ ಆಪರೇಷನ್ ಇತ್ತು. ಅಕ್ಕ ತನ್ನ ಪಕ್ಕದಲ್ಲಿರಬೇಕೆಂದು ಅವ್ವ ಹಟ ಹಿಡಿದಳು. ದೊಡ್ಡವ್ವನಿಗೆ ಬರಲು ಮನಸ್ಸಿರಲಿಲ್ಲ. ನಾನೇ ಒತ್ತಾಯ ಮಾಡಿದೆ. ಎರಡು ದಿನದ ಮಾತು, ದೊಡ್ಡಪ್ಪ ಇದ್ದಾನಲ್ಲ ಎಂದೆ.

ಐದನೇ ತಾರೀಖು ಬೆಳಿಗ್ಗೆ ಅವಳನ್ನು ನನ್ನ ಸ್ಕೂಟಿಯ ಮೇಲೆ ಪಾಮನಕಲ್ಲೂರಿಗೆ ಕರೆತಂದೆ. ತೋಟದ ಬಾಯಿಗೆ ಬರುತ್ತಲೇ ಅವಳು ನನ್ನ ಹೆಗಲು ಗಟ್ಟಿಯಾಗಿ ಹಿಡಿದಳು. ಕೆಳಗಿನ ಪಟ್ಟಿಯಲ್ಲಿ ಸಾಲು ಸಾಲಾಗಿ ಬಳ್ಳಿಯ ಬುಡದ ಕೆಂಪು ಮಣ್ಣು ಕಪ್ಪಾಗಿತ್ತು. ಡ್ರಿಪ್ಪಿನ ಪೈಪಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಸ್ಕೂಟಿ ನಿಲ್ಲುವ ಮೊದಲೇ ಇಳಿದು ಓಡಿದಳು, ಐವತ್ತು ದಾಟಿದ ಹೆಂಗಸು. ಬೋರಿನ ಹತ್ತಿರ ದೊಡ್ಡಪ್ಪ ಮೇಲಿನ ಪಟ್ಟಿಯ ವಾಲ್ವಿಗೆ ಕೈ ಹಾಕಿದ್ದ. ಅವಳು ಅವನ ಕೈ ತಳ್ಳಿ ಕೆಳಗಿನ ವಾಲ್ವು ಮುಚ್ಚಿದಳು.

"ಯಾವಾಗಿಂದ?"

"ನಿನ್ನಿ ಮುಂಜಾನಿಯಿಂದ. ಎಲಿ ಹಳದಿ ಆಗಿದ್ವು. ಬಳ್ಳಿ ನನ್ನ ಕಡಿ ನೋಡಿ ಬಾಯಿ ಬಿಟ್ಟಂಗ ಆಗಾಕತ್ತಿತ್ತು. ನನ್ನ ಕಡಿಂದ ನೋಡಾಕ ಆಗಲಿಲ್ಲ. ಕಂಪನಿಯವರೂ ಹೇಳ್ಯಾರ, ಹುಡುಗರ ಕಡಿಂದ ಓದಿಸೀನಿ, ನೋಡು."

ಅವನು ಫೋನು ತೋರಿಸಿದ. ಮೆಸೇಜು ಬಂದಿತ್ತು. "ಆತ್ಮೀಯ ಬೆಳೆಗಾರರೇ, ತಾಪಮಾನ ಹೆಚ್ಚಾಗಲಿದೆ. ಬಳ್ಳಿಗಳಿಗೆ ತಪ್ಪದೆ ನೀರು ಕೊಡಿ." ನಾನು ಓದಿ ಹೇಳುವಾಗ ನನ್ನ ದನಿಯೇ ಸಣ್ಣದಾಯಿತು. ಆ ಫೋನ್ ನಂಬರ್ ಕೊಟ್ಟವಳು ನಾನು. ಆ ಮೆಸೇಜು ಅವಳ ಕೈಗೆ ಬಂದಿದ್ದರೆ ಎರಡು ಬೈಗುಳ ಬೈದು ಬಿಸಾಡುತ್ತಿದ್ದಳು.

"ಬಳ್ಳಿ ನಿನ್ನ ಕಡಿ ನೋಡಲಿಲ್ಲ," ಎಂದಳು ದೊಡ್ಡವ್ವ. "ನೀ ಫೋನಿನ ಕಡಿ ನೋಡಿದಿ. ನಾ ಹತ್ತ ಸಲ ಹೇಳಿದ್ದು ನಿನ್ನ ಕಿವ್ಯಾಗ ಹೋಗಲಿಲ್ಲ. ಯಾರೋ ಗುರುತ ಇಲ್ಲದಂವ ಒಂದ ಸಲ ಹೇಳಿದ್ದು ಹೋತು. ನಾಕ ತಿಂಗಳು ಮುಗಿಲು ಕಾದೀನಿ ನಾನು. ಮುಗಿಲಿಂದ ಒಂದ ಹನಿ ಬೀಳಲಿಲ್ಲ, ನನ್ನ ಮನ್ಯಾಗಿಂದ ಬಿತ್ತು."

ನಾನು ಸುನೀಲನಿಗೆ ಫೋನು ಮಾಡಿ ಕೇಳಿದೆ. ಅದು ಹೊಸದಾಗಿ ಬಳ್ಳಿ ಹಚ್ಚಿದವರಿಗೆ ಕಳಿಸಿದ್ದು, ತಪ್ಪಿ ಎಲ್ಲರಿಗೂ ಹೋಗಿದೆ ಎಂದ. ತಪ್ಪಿ ಹೋಗಿದೆಯಂತೆ. ಎಷ್ಟು ಸಲೀಸಾದ ಮಾತು. ನನ್ನ ಬಾಯಿಗೆ ಬಂದದ್ದನ್ನು ಇಲ್ಲಿ ಬರೆಯುವುದಿಲ್ಲ, ಅಂಚೆ ಕಚೇರಿಯವಳು ಆಡುವ ಮಾತಲ್ಲ ಅದು.

ಎರಡು ದಿನ ಏನೂ ಕಾಣಲಿಲ್ಲ. ದೊಡ್ಡಪ್ಪನ ಮುಖದಲ್ಲಿ, ಏನೂ ಆಗಿಲ್ಲವಲ್ಲ ಎಂಬ ಕಳೆಯೂ ಬಂತು. ಮೂರನೆಯ ದಿನ ಕೆಳಗಿನ ಪಟ್ಟಿಯ ಹಣ್ಣು ಉಬ್ಬಿತು. ಇಷ್ಟು ದಿನ ಒಣಗಿ ಬಿಗಿದಿದ್ದ ಸಿಪ್ಪೆ ಒಮ್ಮೆಲೇ ಏರಿದ ನೀರು ತಡೆಯದೆ ಸೀಳಿತು. ಒತ್ತೊತ್ತಾದ ಗೊನೆಯೊಳಗೆ ಒಂದು ಹಣ್ಣು ಸೀಳಿದರೆ ಅದರ ರಸ ಪಕ್ಕದ್ದಕ್ಕೂ ಹತ್ತುತ್ತದೆ. ಕಣಜದ ಹುಳ ಮುತ್ತಿದವು. ಎಂಟನೇ ತಾರೀಖಿಗೆ ಸಾಲಿನೊಳಗೆ ಕಾಲಿಟ್ಟರೆ ಹುಳಿ ವಾಸನೆ ಮೂಗಿಗೆ ಬಡಿಯುತ್ತಿತ್ತು. ಸೀಳದೆ ಉಳಿದ ಹಣ್ಣು ನೋಡಲು ದುಂಡಗೆ, ಸೊಗಸಾಗಿತ್ತು, ಬಾಯಿಗೆ ಹಾಕಿದರೆ ನೀರು. ಮೇಲಿನ ಪಟ್ಟಿ ಮಾತ್ರ ಎಲೆ ಹಳದಿಯಾಗಿ, ಹಣ್ಣು ಸಣ್ಣದಾಗಿ, ಕಪ್ಪಗೆ, ಬೀಜ ಕಂದಾಗಿ ನಿಂತಿತ್ತು. ದೊಡ್ಡವ್ವ ದೊಡ್ಡಪ್ಪನನ್ನು ಕರೆದು ಎರಡೂ ಕಡೆಯ ಹಣ್ಣನ್ನು ತಿನ್ನಿಸಿದಳು. ಅವನು ಮೊದಲ ಬೀಜ ಅಗಿದ, ಎರಡನೆಯದನ್ನೂ ಅಗಿದ, ತಲೆ ತಗ್ಗಿಸಿ ಹೋದ. ಆಮೇಲೆ ಅವಳು ಅವನ ಜೊತೆ ಮಾತಾಡಲಿಲ್ಲ.

ಹತ್ತನೇ ತಾರೀಖು ನಸುಕಿನಲ್ಲಿ ಕೊಯ್ಲು. ಶೇಖರಮ್ಮನ ಗ್ಯಾಂಗಿನ ಹತ್ತು ಹೆಂಗಸರು ಬಂದಿದ್ದರು. ನಾನೂ ರಜೆ ಹಾಕಿ ಬಂದಿದ್ದೆ. ಕ್ರೇಟುಗಳು ತುಂಬುವಾಗ ದೊಡ್ಡಪ್ಪ ನನ್ನ ಹತ್ತಿರ ಬಂದು ಮೆಲ್ಲಗೆ ಅಂದ.

"ಮಿತ್ರಾ, ನೀನರ ಹೇಳವ್ವ. ಚಲೋ ಉಳಿದದ್ದು ಆರಿಸಿ ಮ್ಯಾಲಿನ ಹಣ್ಣಿನಾಗ ಕಲಸಿದ್ರ ಯಾರಿಗೂ ಗೊತ್ತಾಗಂಗಿಲ್ಲ."

ಶೇಖರಮ್ಮನೂ ಹೌದೆಂದಳು. ನಿಜ ಹೇಳಬೇಕೆಂದರೆ ನನಗೂ ಹಾಗೇ ಅನಿಸಿತ್ತು. ಒಂದು ಎಕರೆಯ ಹಣ್ಣು ಮಣ್ಣುಪಾಲಾಗುವುದನ್ನು ಯಾರು ನೋಡುತ್ತಾರೆ? ನಾನು ದೊಡ್ಡವ್ವನ ಹತ್ತಿರ ಹೋಗಿ ಹೇಳಿದೆ. ಅವಳು ಕೈಯಲ್ಲಿದ್ದ ಗೊನೆಯನ್ನು ಕ್ರೇಟಿನಲ್ಲಿ ನಿಧಾನವಾಗಿ ಇಟ್ಟಳು.

"ಮೂರು ವರ್ಷ ಕಲಸಬ್ಯಾಡ್ರಿ ಅಂತ ಹೊಯ್ಕೊಂಡೀನಿ. ಈಗ ನನ್ನ ಕೈಯಿಂದನ ಕಲಸಂತಿ?"

ಸೀಳಿದ್ದನ್ನೆಲ್ಲ ದೊಡ್ಡಪ್ಪನ ಕೈಯಿಂದಲೇ ಕೊಯ್ಸಿ ಗೊಬ್ಬರದ ಗುಂಡಿಗೆ ಹಾಕಿಸಿದಳು. ಉಳಿದದ್ದನ್ನು ಬೇರೆ ಕ್ರೇಟುಗಳಿಗೆ ತುಂಬಿಸಿ, ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ನಡುವೆ ಒಂದು ಗೋಣಿತಟ್ಟು ಕಟ್ಟಿ, ಮುಂದೆ ಮೇಲಿನ ಪಟ್ಟಿ, ಹಿಂದೆ ಕೆಳಗಿನ ಪಟ್ಟಿ ಇಟ್ಟಳು. ನಾನು, ಶೇಖರಮ್ಮ, ಇನ್ನಿಬ್ಬರು ಹೆಂಗಸರು ಕ್ರೇಟುಗಳ ಮೇಲೆ ಕೂತೆವು. ಮಸ್ಕಿ ದಾಟಿ ಲಿಂಗಸುಗೂರಿನ ರಸ್ತೆ ಹಿಡಿದು ಕಂಪನಿ ಮುಟ್ಟುವವರೆಗೂ ದೊಡ್ಡವ್ವ ಆ ಗೋಣಿತಟ್ಟನ್ನು ಹಿಡಿದುಕೊಂಡೇ ಇದ್ದಳು. ದೊಡ್ಡಪ್ಪ ಡ್ರೈವರಿನ ಪಕ್ಕದಲ್ಲಿ ಬೆನ್ನು ತಿರುಗಿಸಿ ಕೂತಿದ್ದ.

ಕಂಪನಿಯ ಗೇಟಿನಲ್ಲಿ ಸುನೀಲ ಕಾಯುತ್ತಿದ್ದ. ಮುಂದಿನ ಕ್ರೇಟಿನ ಹಣ್ಣು ಹಿಂಡಿ ನೋಡಿದ. ಇಪ್ಪತ್ತನಾಲ್ಕು. ಒಳಗಿನಿಂದ ವೈನ್ ಮಾಡುವ ಹಿರಿಯರೊಬ್ಬರು ಬಂದರು. ಅವರು ದುರ್ಬೀನು ಮುಟ್ಟಲಿಲ್ಲ, ಒಂದು ಹಣ್ಣು ಬಾಯಿಗೆ ಹಾಕಿ, ಬೀಜ ಕಟ್ಟೆನಿಸಿ, ಕಣ್ಣು ಮುಚ್ಚಿ ನಿಂತರು. ಆಮೇಲೆ ಗೋಡೆಯ ಬದಿಯ ಮೊದಲ ಸಣ್ಣ ತೊಟ್ಟಿಯ ಕಡೆ ಕೈ ಮಾಡಿದರು. ನನಗೆ ಅಳುವೇ ಬಂತು. ದೊಡ್ಡವ್ವ ಅಲ್ಲಾಡಲಿಲ್ಲ.

ಸುನೀಲ ನಗುತ್ತ ದೊಡ್ಡಪ್ಪನ ಕೈ ಹಿಡಿದು ಕುಲುಕಿದ. "ಯಂಕೋಬಣ್ಣ, ಭಾರಿ ಬೆಳದೀರಿ ನೋಡ್ರಿ," ಎಂದು ಹಲಗೆ ಎತ್ತಿಕೊಂಡು ಸೀಮೆಸುಣ್ಣದಲ್ಲಿ ದುಂಡಗೆ "ಯಂ" ಎಂದು ಬರೆದ.

"ಅಳಸು ಅದನ್ನ," ಎಂದಳು ದೊಡ್ಡವ್ವ.

ಸುನೀಲನ ಕೈ ನಿಂತಿತು. "ಯಾಕ್ರಿ ಅಕ್ಕಾರ? ರಜಿಸ್ಟರಿನಾಗ ಇವರದ ಐತಿ. ಇಬ್ಬರದೂ ಒಂದ ಅಲ್ಲೇನ್ರಿ?"

ಅವಳು ನನ್ನ ಕಡೆ ನೋಡಿದಳು. ನನ್ನ ಮಾತು ನನ್ನ ಮುಖಕ್ಕೇ ಬಂದು ಬಿದ್ದಿತ್ತು.

"ಒಂದ ಆಗಿದ್ರ ಗ್ವಾಣಿತಟ್ಟು ಯಾಕ ಕಟ್ಟತಿದ್ದೆ? ಎರಡ ಚೀಟಿ ಬರಿ. ಮುಂದಿನ ಹಣ್ಣು ಪೀರಮ್ಮಂದು. ಹೊಲ ನಂದು, ಪಹಣಿ ನಂದು, ಕತ್ತರಿ ನಂದು. ಹಿಂದಿಂದು ಬ್ಯಾರೆ."

ಅವನು ಹಿಂದಿನ ಕ್ರೇಟಿನ ಹಣ್ಣೂ ನೋಡಿದ. ಹತ್ತೊಂಬತ್ತು. ದೊಡ್ಡ ತೊಟ್ಟಿಗೂ ನಡೆಯುವುದಿಲ್ಲ, ವಾಪಸು ಒಯ್ಯಬೇಕು ಎಂದ. ವಾಪಸಿನ ಚೀಟಿಯಲ್ಲೂ ಬೆಳೆಗಾರನ ಹೆಸರು ಬೇಕು.

"ಹಿಂದಿಂದು ಯಾರದು ಅಂತ ಬರೀಲಿ?"

ಅವನು ನನ್ನ ಕಡೆ ತಿರುಗಿದ. ಎಲ್ಲರೂ ತಿರುಗಿದರು. ದೊಡ್ಡವ್ವನ ಬದಲಿಗೆ ಆ ಹೆಸರು ಹೇಳುವವಳು ನಾನಲ್ಲವೇ. ನಾನು ಬಾಯಿ ತೆರೆದೆ. ಅವಳು ನನಗೆ ಅಡ್ಡವಾಗಿ ಕೈ ಚಾಚಿದಳು.

"ಯಂಕೋಬ," ಎಂದಳು.

ಒಡಪಿಲ್ಲ, ಸೆರಗಿನ ಮರೆಯಿಲ್ಲ. ಶೇಖರಮ್ಮನ ಕೈಯಲ್ಲಿದ್ದ ಖಾಲಿ ಕ್ರೇಟು ಕೆಳಗೆ ಬಿತ್ತು. ಉಳಿದ ಹೆಂಗಸರು ಕೈಕೆಲಸ ಬಿಟ್ಟು ನಿಂತರು. ಸುನೀಲನಿಗೆ ಕೇಳಿಸಲಿಲ್ಲವೇನೋ ಎಂಬಂತೆ ಅವಳು ಮತ್ತೊಮ್ಮೆ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು.

"ಕೆಳಗಿನ ಪಟ್ಟಿ ಬೆಳೆಗಾರ, ಗೊರೇಬಾಳದ ಯಂಕೋಬ. ಹಂಗ ಬರಿ."

ದೊಡ್ಡಪ್ಪನ ಮುಖದ ಬಣ್ಣ ಇಳಿದಿತ್ತು. ಅವನು ಮುಂದೆ ಬಂದು, "ಹೌದ್ರಿ. ಅದು ನಂದ" ಎಂದು ವಾಪಸಿನ ಚೀಟಿಯ ಕೆಳಗೆ ಸಹಿ ಮಾಡಿದ. ಈ ಸಲ ಏನು ಬರೆದಿದೆಯೆಂದು ಪೂರ್ತಿ ಓದಿಸಿಕೊಂಡು ಮಾಡಿದ. ಸುನೀಲ ಹಲಗೆಯ ಮೇಲಿನ "ಯಂ" ಅನ್ನು ಅಂಗಿಯ ತೋಳಿನಿಂದ ಒರೆಸಿ, ಪೀರಮ್ಮ ಎಂದು ಬರೆದು ತೊಟ್ಟಿಗೆ ತೂಗುಹಾಕಿದ.

ವಾಪಸು ಬರುವಾಗ ಟ್ರೇಲರಿನಲ್ಲಿ ಕೆಳಗಿನ ಪಟ್ಟಿಯ ಕ್ರೇಟುಗಳಷ್ಟೇ ಇದ್ದವು. ದೊಡ್ಡಪ್ಪ ಈಗ ಡ್ರೈವರಿನ ಹತ್ತಿರ ಕೂರದೆ ಹಿಂದೆ ನಮ್ಮ ಜೊತೆ ಕೂತಿದ್ದ. ಮಸ್ಕಿಯ ಗುಡ್ಡ ಕಾಣಿಸಿದಾಗ ಮೆಲ್ಲಗೆ ಅಂದ.

"ಮೂವತ್ತೊಂದು ವರ್ಷಕ್ಕ ಹೆಸರ ಹಿಡಿದಿ. ಅದೂ ಇಂಥಾದಕ್ಕ."

ದೊಡ್ಡವ್ವ ಅವನ ಕಡೆ ತಿರುಗಲಿಲ್ಲ.

"ಮತ್ತ್ಯಾತಕ್ಕ ಹಿಡೀಬೇಕಿತ್ತು? ಚಲೋದಕ್ಕೆಲ್ಲ ನಿನ್ನ ಹೆಸರ ಬರ್ಯಾಕ ಮಂದಿ ಇದ್ರಲ್ಲ."

ಮಂದಿ ಎಂದರೆ ಯಾರೆಂದು ನನಗೆ ಗೊತ್ತಿತ್ತು. ನಾನು ಅವಳ ಪಕ್ಕದಲ್ಲೇ ಕೂತಿದ್ದೆ.